ಅಟ್ಟಕ್ಕೆ ಕಾಯಿ ಎಸೆಯುವ ದೃಶ್ಯ

ಹೋದ ತಿಂಗಳು ಕಿಬ್ಬನಹಳ್ಳಿ ಕ್ರಾಸಿನಲ್ಲಿ ನಮ್ಮ ಬಸ್ಸು ಕೆಟ್ಟು ನಿಂತಿತು. ಹಿಂದಿನ ಬಸ್ಸಿಗೆ ಹತ್ತಿಸಿ ಕಳಿಸುತ್ತೇನೆ ಎಂದು ಕಂಡಕ್ಟರ್ ಹೇಳಿದ; ಹಿಂದಿನ ಬಸ್ಸು ಯಾವಾಗ ಬರುತ್ತದೆಂದು ಅವನಿಗೂ ಗೊತ್ತಿರಲಿಲ್ಲ. ಮೊಣಕಾಲು ನೋಯುತ್ತಿತ್ತು. ನೆರಳು ಹುಡುಕಿಕೊಂಡು ಒಂದು ಲಾರಿಯ ಮಗ್ಗುಲಿಗೆ ಹೋಗಿ ನಿಂತೆ. ಲಾರಿಗೆ ಕೊಬ್ಬರಿ ಚೀಲ ತುಂಬುತ್ತಿದ್ದರು. ಒಂದು ಚೀಲದ ಬಾಯಿ ಬಿಚ್ಚಿಹೋಗಿತ್ತು. ಅದರಿಂದ ಬಂದದ್ದು ಅಂಗಡಿ ಕೊಬ್ಬರಿಯ ವಾಸನೆಯಲ್ಲ. ಮುಚ್ಚಿಟ್ಟ ಅಟ್ಟದ ಬಾಗಿಲನ್ನು ವರ್ಷಕ್ಕೊಮ್ಮೆ ತೆಗೆದಾಗ ಮುಖಕ್ಕೆ ಬಡಿಯುವ ವಾಸನೆ: ಒಣ ಸಿಪ್ಪೆಯ ದೂಳು, ಸ್ವಲ್ಪ ಕನರಿದ ಎಣ್ಣೆ, ಹಳೆಯ ಹೊಗೆ. ಏನನ್ನೂ ನೆನೆಯುವ ಮನಸ್ಸು ಆವತ್ತು ನನಗಿರಲಿಲ್ಲ. ಊರು ತಲುಪಿ ಕಾಲು ಚಾಚಿದರೆ ಸಾಕಾಗಿತ್ತು. ಆದರೂ ನಂಜಮ್ಮನವರ ಮನೆ ಕಣ್ಣ ಮುಂದೆ ಬಂತು.

'ಕಣ್ಣ ಮುಂದೆ ಬಂತು' ಎಂದು ಬರೆದುಬಿಡುವುದು ಸುಲಭ. ಬಂದದ್ದು ಆ ಮನೆಯೋ, ಸಿನಿಮಾದಲ್ಲಿ ನೋಡಿದ ಆ ಮನೆಯೋ ಎಂದು ಕೇಳಿಕೊಂಡರೆ ಉತ್ತರ ಹೇಳಲಾರೆ. ಆ ಮನೆಯಲ್ಲಿ ಬಾಡಿಗೆಗಿದ್ದ ವರ್ಷ ನಾನು ಡೈರಿ ಬರೆಯುತ್ತಿದ್ದೆ. ಮನೆಗೆ ಬಂದ ಮೇಲೆ ಹುಡುಕಿ ತೆಗೆದು ನೋಡಿದೆ. ಬಿಸಿಲು, ಪೇಪರ್ ತಿದ್ದುವುದು, ತಲೆನೋವು, ಮತ್ತೆ ಬಿಸಿಲು. ನನಗೆ ಸ್ಪಷ್ಟವಾಗಿ ನೆನಪಿರುವುದು ಅದರಲ್ಲಿಲ್ಲ. ಅದರಲ್ಲಿರುವುದು ನನಗೆ ನೆನಪಿಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಶೆಟ್ಟಿಕೆರೆ ಕಡೆಯ ಒಂದು ಹಳ್ಳಿಯ ಜೂನಿಯರ್ ಕಾಲೇಜಿಗೆ ನನ್ನನ್ನು ಹಾಕಿದ್ದರು. ಮೈಸೂರಿನಲ್ಲಿ ಎಂ.ಎ. ಓದಿ, ಅಲ್ಲಿನ ಹರಟೆಗಳಲ್ಲೇ ಬದುಕು ಕಳೆದೀತು ಎಂದುಕೊಂಡಿದ್ದವನು ನಾನು. ಊರಿನ ಸುತ್ತ ತೆಂಗಿನ ತೋಟ, ತೋಟ ದಾಟಿದರೆ ಬರಡು ಹೊಲ. ಬೆಳಿಗ್ಗೆ ಒಂದು ಬಸ್ಸು ಬರುತ್ತಿತ್ತು, ಸಂಜೆ ಒಂದು. ಬಾಡಿಗೆಗೆ ಸಿಕ್ಕಿದ್ದು ನಂಜಮ್ಮನವರ ಮನೆಯ ಮುಂದಿನ ಕೋಣೆ. ನಂಜಮ್ಮನವರಿಗೆ ಆಗ ಐವತ್ತರ ಹತ್ತಿರ. ಗಂಡ ರುದ್ರಪ್ಪನವರು ಕಾಮಾಲೆಯಾಗಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ತೋಟವನ್ನು ತಾವೇ ನೋಡಿಕೊಳ್ಳುತ್ತಿದ್ದರು, ಕೂಲಿಯವರನ್ನು ಬೈಯುತ್ತಿದ್ದರು, ಸಂಜೆ ವಿಭೂತಿ ಹಚ್ಚಿಕೊಂಡು ಗೋಡೆಯ ಕಡೆ ತಿರುಗಿ ಕೂರುತ್ತಿದ್ದರು. ಆ ಗೋಡೆಯ ಮೇಲೆ ಅತ್ತೆ ಮಾವನ ಪಟ ಇತ್ತು. ಪಕ್ಕದಲ್ಲಿ ಒಂದು ಮೊಳೆ ಇತ್ತು. ಮೊಳೆಗೆ ಏನೂ ನೇತುಹಾಕಿರಲಿಲ್ಲ.

ಆ ಮೊಳೆ ಯಾಕೆಂದು ಒಂದು ದಿನ ಸುಮ್ಮನೆ ಕೇಳಿದೆ. "ಅವರದೊಂದು ಫೋಟೋ ತೆಗೆಸಲೇ ಇಲ್ಲ ಮೇಷ್ಟ್ರೇ," ಎಂದರು. "ತಿಪಟೂರಿಗೆ ಹೋದಾಗೆಲ್ಲ, ಮುಂದಿನ ಸಲ ಬಂದಾಗ ಅಂತಿದ್ರು. ಕೊಬ್ಬರಿ ಹಾಕ್ಬುಟ್ಟು ಬಸ್ಸು ಹಿಡಿಯೋ ಆತುರ. ಇರೋದು ಒಂದೇ ಕಡೆ ಕಣ್ರೀ, ಆ ಅಟ್ಟದ ಪಿಚ್ಚರಿನಾಗೆ."

ಅಟ್ಟದ ಪಿಚ್ಚರ್ ಎಂದರೆ ಯಾವುದೆಂದು ಹೊಳೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಎಪ್ಪತ್ತರ ದಶಕದಲ್ಲಿ ಬಂದ ಒಂದು ಕಪ್ಪುಬಿಳುಪು ಸಿನಿಮಾ ಅದು. ಇಬ್ಬರು ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವ ಕಥೆ. ಪಾಲಾದ ಮೇಲೆ, ಏನೂ ಆಗಲಿಲ್ಲವೆಂಬಂತೆ, ಅಣ್ಣ ತನ್ನ ಪಾಲಿನ ಅಟ್ಟಕ್ಕೆ ಕಾಯಿ ತುಂಬುತ್ತಾನೆ. ನೆಲದಲ್ಲಿ ನಿಂತು, ಎರಡೆರಡು ಕಾಯಿ ಜೋಡಿಸಿ ಮೇಲಕ್ಕೆ ಎಸೆಯುತ್ತಾನೆ. ಅಟ್ಟದ ಕತ್ತಲೆಯಿಂದ ಎರಡು ಕೈ ಚಾಚಿ ಅವನ್ನು ಹಿಡಿದು ಒಳಗೆ ಎಳೆದುಕೊಳ್ಳುತ್ತವೆ. ಎಣಿಸುವ ಸದ್ದು ಬಿಟ್ಟರೆ ಮಾತಿಲ್ಲ. ಗವಾಕ್ಷಿಯ ಬಿಸಿಲುಕೋಲು ಗೋಡೆಯ ಮೇಲೆ ಸರಿಯುವವರೆಗೂ ಅದೇ ದೃಶ್ಯ. ಆಮೇಲೆ ಮುಗಿಯುತ್ತದೆ. ನಮ್ಮ ಕಾಲದಲ್ಲಿ ಓದಿದವರಿಗೆಲ್ಲ ಆ ದೃಶ್ಯದ ಹುಚ್ಚು ಹಿಡಿದಿತ್ತು. ನಾನೂ ಅದರ ಮೇಲೆ ಒಂದು ಲೇಖನ ಬರೆದು, ಆ ಎರಡು ಕೈಗಳನ್ನು ಕಾಲದ ಕೈಗಳು ಎಂದು ಕರೆದಿದ್ದೆ.

ಅವು ನಂಜಮ್ಮನವರ ಕೈಗಳು. ನಾನು ಬಾಡಿಗೆಗಿದ್ದ ಮನೆಯೇ ಆ ಮನೆ. ತಿಂಗಳುಗಟ್ಟಲೆ ಅದೇ ಅಟ್ಟದ ಕೆಳಗೆ ಓಡಾಡಿದ್ದರೂ ನನಗೆ ಗುರುತು ಸಿಕ್ಕಿರಲಿಲ್ಲ. ಲೇಖನದ ವಿಷಯ ಹೇಳಿದಾಗ ಅವರು ಸೊಪ್ಪು ಬಿಡಿಸುತ್ತಿದ್ದರು.

"ಕಾಲದ್ದೋ ಯಾತರದ್ದೋ. ಆವತ್ತು ನಂಗೆ ಹೆಬ್ಬೆರಳಿಗೆ ಸಿಬಿರು ಹೊಕ್ಕಿತ್ತು," ಎಂದರು.

ಅಣ್ಣನ ಪಾತ್ರ ಮಾಡಿದ ನಟ ಎಸೆದ ಕಾಯಿ ಅಟ್ಟದವರೆಗೆ ಹೋಗುತ್ತಲೇ ಇರಲಿಲ್ಲವಂತೆ. ಕೊನೆಗೆ ಅವನ ಬಟ್ಟೆಯನ್ನು ರುದ್ರಪ್ಪನವರಿಗೆ ತೊಡಿಸಿ, ಹಿಂದಿನಿಂದ ಚಿತ್ರ ತೆಗೆದರು. ತಿರುಗಬಾರದು ಎಂದು ಹೇಳಿದ್ದರು. "ಆದ್ರೆ ಅವರು ಒಂದ್ಸಲ ತಿರುಗಿದ್ರಂತೆ. ಸಂಜೆ ನಂಗೆ ಹೇಳಿದ್ರು. ಕಾಯಿ ಎಲ್ಲವೆ ಅಂತ ನೋಡಕ್ಕೆ ತಿರುಗ್ದೆ ಕಣೇ, ಅವರೇನೂ ಬೈಲಿಲ್ಲ, ಅಂತ." ಸಿನಿಮಾ ತಿಪಟೂರಿನ ಟಾಕೀಸಿಗೆ ಬೆಳಗಿನ ಆಟಕ್ಕೆ ಬಂದಾಗ ಇವರ ಮನೆಯಲ್ಲಿ ಕಾಯಿ ಸುಲಿಯುವ ಕೆಲಸ ನಡೆದಿತ್ತು. ಆಳುಗಳನ್ನು ಬಿಟ್ಟು ಹೋಗುವಂತಿರಲಿಲ್ಲ. ಇನ್ನೊಮ್ಮೆ ಬಂದಾಗ ನೋಡಿದರಾಯಿತು ಎಂದುಕೊಂಡರು. ಅದು ಇನ್ನೊಮ್ಮೆ ಬರಲಿಲ್ಲ.

"ನೀವು ನೋಡಿದ್ದೀರಲ್ಲ ಮೇಷ್ಟ್ರೇ. ಮುಖ ಕಾಣ್ತೈತಾ?"

ನನಗೆ ನೆನಪಿರಲಿಲ್ಲ. ಬಿಸಿಲುಕೋಲು, ಅದರಲ್ಲಿ ತೇಲುವ ದೂಳಿನ ಕಣ, ಕಾಯಿ ಮೇಲೇರುವ ಲಯ ಎಲ್ಲವೂ ನೆನಪಿತ್ತು. ಮನುಷ್ಯ ತಿರುಗಿದನೇ ಎಂಬುದು ಮಾತ್ರ ನೆನಪಿರಲಿಲ್ಲ. ಗೊತ್ತಿಲ್ಲ ಎಂದೆ. ಅವರು ತಲೆಯಾಡಿಸಿ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದರು.

ಆ ಬೇಸಿಗೆಯಲ್ಲಿ ಟೀವಿಯವರು ಬಂದರು. ದೂರದರ್ಶನಕ್ಕೆ ಧಾರಾವಾಹಿ ಮಾಡುತ್ತಿದ್ದ ಪ್ರಭಾಕರ ಎಂಬ ನಿರ್ದೇಶಕ, ಮೂವತ್ತೈದರ ಸಣಕಲ ಮನುಷ್ಯ, ಜೀಪಿನಿಂದ ಇಳಿದವನೇ ಹೊಸಿಲ ಮೇಲೆ ನಿಂತು ಅಟ್ಟವನ್ನು ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದ. ಧಾರಾವಾಹಿಯ ಕೊನೆಯ ಕಂತನ್ನು ಅವನಿಗೆ ಈ ಮನೆಯಲ್ಲೇ ತೆಗೆಯಬೇಕಿತ್ತು. ಅದೇ ಅಟ್ಟ, ಅದೇ ಗವಾಕ್ಷಿ, ಕ್ಯಾಮೆರಾ ನೆಲದ ಮೇಲೆ ಅದೇ ಜಾಗದಲ್ಲಿ, ಅದೇ ರೀತಿ ಕಾಯಿ ಎಸೆಯುವುದು.

"ಆ ಸಿನಿಮಾ ನೋಡದೇ ಇದ್ದಿದ್ರೆ ನಾನು ನಮ್ಮಪ್ಪನ ಅಂಗಡಿಯಲ್ಲಿ ಕೂತಿರ್ತಿದ್ದೆ ಸರ್," ಎಂದು ನನಗೆ ಹೇಳಿದ. "ಅದಕ್ಕೊಂದು ನಮಸ್ಕಾರ ಹಾಕ್ಬೇಕು ಅಷ್ಟೆ."

ಅಂಗಳದ ತುಂಬ ಹರಡಿದ್ದ ಕಪ್ಪು ವೈರುಗಳನ್ನು ದಾಟಿಕೊಂಡು ಬರುತ್ತಿದ್ದ ನಂಜಮ್ಮ, "ನಮಸ್ಕಾರ ಹಾಕಕ್ಕೆ ಇಷ್ಟೊಂದು ಹಗ್ಗ ಬೇಕೇನಪ್ಪ?" ಎಂದರು.

ಟೀವಿಯವರು ಮುಂಚೆಯೇ ಕೇಳಿಕಳಿಸಿದಾಗ ಅವರು ಒಪ್ಪಿದ್ದು ಒಂದೇ ಆಸೆಗೆ. ಆ ಹಳೆಯ ಸಿನಿಮಾವನ್ನು ಇವರು ಜೊತೆಗೆ ತಂದಿರುತ್ತಾರೆ, ನೋಡಿಕೊಂಡೇ ಮಾಡುತ್ತಾರೆ ಎಂದುಕೊಂಡಿದ್ದರು. ನಾನೂ ಹಾಗೇ ಎಣಿಸಿದ್ದೆ. ಹೋದ ವರ್ಷದ ಕಾಯಿ ಇಳಿಸಿ ಅಟ್ಟ ಬರಿದಾಗಿತ್ತು. ಹೊಸದನ್ನು ತುಂಬದೆ, ಟೀವಿಯವರಿಗಾಗಿ ಅಂಗಳದಲ್ಲೇ ರಾಶಿ ಹಾಕಿಸಿ ಕಾದರು. ಬಂದವರೆಲ್ಲ, ಏನಮ್ಮ ಇನ್ನೂ ತುಂಬಿಲ್ಲವಾ ಎಂದು ಕೇಳುತ್ತಿದ್ದರು. ನಮ್ಮ ಕಡೆ ಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಮುಟ್ಟುವುದಿಲ್ಲ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗಬೇಕು. ತಡವಾದಷ್ಟೂ ಮುಂದಿನದೆಲ್ಲ ತಡ. ಆದರೂ ಕಾದರು.

ಪ್ರಭಾಕರನ ಬಳಿ ಸಿನಿಮಾ ಇರಲಿಲ್ಲ. "ಪ್ರಿಂಟ್ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲಮ್ಮ. ನಾನೂ ನೋಡಿರೋದು ಎರಡೇ ಸಲ," ಎಂದ. ಎಲ್ಲವನ್ನೂ ನೆನಪಿನಿಂದಲೇ ಮಾಡುತ್ತಿದ್ದ. ನಂಜಮ್ಮ ಅವನಿಗೆ ಕಾಫಿ ಕೊಟ್ಟು, ಲೋಟ ಇಸಿದುಕೊಳ್ಳುವಾಗ, ನನ್ನನ್ನು ಕೇಳಿದ ಪ್ರಶ್ನೆಯನ್ನೇ ಅವನನ್ನೂ ಕೇಳಿದರು.

"ತಿರುಗ್ತಾರಮ್ಮ. ಒಂದು ಸಲ ತಿರುಗ್ತಾರೆ. ನಂಗೆ ಚೆನ್ನಾಗಿ ನೆನಪಿದೆ."

"ಮುಖ ಹೆಂಗೈತೆ?"

"ಸುಸ್ತಾದ ಮುಖ," ಎಂದ. "ತಲೆಗೆ ಟವೆಲ್ ಸುತ್ತಿರ್ತಾರೆ."

"ಟವಲ್ಲಾ? ನಮ್ಮೆಜಮಾನ್ರು ಮನೆಯೊಳಗೆ ತಲೆಗೆ ಬಟ್ಟೆ ಸುತ್ತೋರೇ ಅಲ್ಲ."

ನನ್ನ ನೆನಪಿನಲ್ಲೂ ಟವೆಲ್ ಇತ್ತು. ಅವನು ಹೇಳುವ ಮೊದಲೂ ಇತ್ತೇ ಎಂದು ಈಗ ಕೇಳಿದರೆ ಹೇಳಲಾರೆ.

ಈ ಸಲ ಅಣ್ಣನ ಪಾತ್ರದವನು ಸುರೇಶ, ಬೆಂಗಳೂರಿನ ಬ್ಯಾಂಕೊಂದರಲ್ಲಿ ಕೆಲಸ, ಸಂಜೆ ಹೊತ್ತು ನಾಟಕ. ಗಟ್ಟಿಮುಟ್ಟಾಗಿದ್ದ. ಅವನು ಎಸೆದ ಕಾಯಿ ಅಟ್ಟ ಮುಟ್ಟುತ್ತಿತ್ತು. ಆದರೆ ಮೇಲೆ ಹಿಡಿಯಲು ನಿಲ್ಲಿಸಿದ್ದ ನಟಿಯ ಕೈಗೆ ಒಂದೂ ದಕ್ಕಲಿಲ್ಲ. ಕಾಯಿಗಳು ದಡದಡ ಕೆಳಗೆ ಉರುಳಿ, ಕ್ಯಾಮೆರಾದವನು ಎರಡು ಸಲ ಕಾಲೆತ್ತಿ ಹಾರಿದ. ನೋಡಲು ಬಂದಿದ್ದ ಎದುರು ಮನೆಯ ಕೊಬ್ಬರಿ ವ್ಯಾಪಾರಿ ಚನ್ನಬಸಪ್ಪ, "ನಂಜಕ್ಕ, ನೀನೇ ಹತ್ತು. ಇಲ್ಲಾಂದ್ರೆ ಇವರು ಇಲ್ಲೇ ಮನೆ ಮಾಡ್ತಾರೆ," ಎಂದ. ನಂಜಮ್ಮ ಸೆರಗು ಬಿಗಿದುಕೊಂಡು ಏಣಿ ಹತ್ತಿದರು. ಕೆಳಗಿನಿಂದ ಕೈಗಳು ಮಾತ್ರ ಕಾಣುತ್ತಿದ್ದವು. ನಾನು ಬಾಗಿಲಿಗೆ ಒರಗಿ ನೋಡುತ್ತಿದ್ದೆ. ಆ ಕೈಗಳನ್ನು ಹಿಂದೆ ಎಲ್ಲೋ ನೋಡಿದ್ದೇನೆ ಅನ್ನಿಸಿತು. ದಿನವೂ ಊಟ ಬಡಿಸುವ ಕೈಗಳೇ ಎಂಬುದು ಆಗ ಮರೆತೇಹೋಗಿತ್ತು.

ಸುರೇಶ ಮೊದಲ ಜೋಡಿ ಎಸೆದು, "ಒಂದು," ಎಂದ.

ಕೈಗಳು ಹಿಂದಕ್ಕೆ ಸರಿದವು. ಕಾಯಿ ಅಟ್ಟದ ಅಂಚಿಗೆ ಬಡಿದು ವಾಪಸು ಬಿತ್ತು.

"ಯಾಕಮ್ಮ?" ಎಂದ ಪ್ರಭಾಕರ.

"ಒಂದು ಅಂದ್ರೆ ನಾನು ಹಿಡಿಯಲ್ಲ ಕಣಪ್ಪ. ಲಾಭ ಅನ್ನಕ್ಕೆ ಹೇಳು."

ನಮ್ಮ ಕಡೆ ಕಾಯಿಯಾಗಲಿ ರಾಗಿಯಾಗಲಿ ಮನೆ ತುಂಬುವಾಗ ಒಂದು ಎಂದು ಎಣಿಕೆ ಶುರು ಮಾಡುವುದಿಲ್ಲ. ಲಾಭ, ಎರಡು, ಮೂರು ಎಂದು ಹೋಗುತ್ತಾರೆ. ಇದು ಊರಿಗೆಲ್ಲ ಗೊತ್ತು. ಪ್ರಭಾಕರನಿಗೂ ಗೊತ್ತಿತ್ತು, ಅವನ ತಾಯಿ ಸೇರಿನಲ್ಲಿ ಅಕ್ಕಿ ಅಳೆಯುವಾಗ ಹಾಗೇ ಅನ್ನುತ್ತಿದ್ದಳಂತೆ. ಆದರೆ ಅವನ ತೊಂದರೆ ಬೇರೆ.

"ಸಿನಿಮಾದಲ್ಲಿ ಒಂದು ಅಂತಾನೇ ಇದೆ ಅಮ್ಮ. ನಾನು ಅದನ್ನ ಬದಲಾಯಿಸೋ ಹಾಗಿಲ್ಲ. ಅದಕ್ಕೆ ಮಾಡ್ತಿರೋ ಮರ್ಯಾದೆ ಇದು."

"ಅವರು ಒಂದು ಅಂದಿರಕ್ಕೆ ಸಾಧ್ಯನೇ ಇಲ್ಲ," ಎಂದರು ನಂಜಮ್ಮ. "ಮೇಲೆ ಇದ್ದೋಳು ನಾನಲ್ವಾ? ಎಲ್ಲಾ ಸಲನೂ ಲಾಭ ಅಂದ್ರು."

ಆಗ ಪ್ರಭಾಕರ ಹೇಳಬೇಕಾಯಿತು. ಆ ಕಾಲದ ಸಿನಿಮಾಗಳಲ್ಲಿ ಚಿತ್ರ ತೆಗೆಯುವಾಗ ಧ್ವನಿ ಹಿಡಿಯುತ್ತಿರಲಿಲ್ಲ, ಆಮೇಲೆ ಮದ್ರಾಸಿನಲ್ಲಿ ಕೂತು ಮಾತು ಸೇರಿಸುತ್ತಿದ್ದರು, ಎಣಿಸಿದ್ದು ಬೇರೆ ಯಾರೋ ಇರಬೇಕು ಎಂದ. ಮೆತ್ತಗೆ ಹೇಳಿದ, ಕ್ಯಾಮೆರಾದ ಕಡೆ ನೋಡುತ್ತಾ.

"ಹಂಗಾರೆ ಅದ್ರಾಗೆ ಅವರ ಮಾತಿಲ್ಲ," ಎಂದರು ನಂಜಮ್ಮ.

"ಇಲ್ಲಮ್ಮ."

"ಮುಖ ಇದ್ರೂ ಇರಬೋದು, ಇಲ್ದೇನೂ ಇರಬೋದು."

"ಇದೆ ಅಂತಲೇ ನನ್ನ ನೆನಪು."

ಅವರು ಅಟ್ಟದಿಂದ ಇಳಿಯಲಿಲ್ಲ. ಇಳಿಯುತ್ತಾರೆಂದು ನಾವೆಲ್ಲ ಏಣಿ ಹಿಡಿದು ನಿಂತಿದ್ದೆವು. ಕತ್ತಲೆಯೊಳಗಿನಿಂದ ಕೇಳಿದರು: "ಈಗ ತಗಿಯೋದ್ರಾಗೆ ಮಾತು ಹಿಡೀತೈತಾ, ಇಲ್ಲ ಇದೂ ಆಮೇಲೆ ಸೇರಿಸ್ತೀರಾ?"

"ಈಗ ಇಲ್ಲೇ ಹಿಡಿಯುತ್ತೆ."

"ಹಂಗಾರೆ ಅವರು ಅಂತಿದ್ದಂಗೆ ಇವನಿಗೆ ಹೇಳ್ಕೊಡ್ತೀನಿ. ಒಂದ್ಸಲ ನಿನ್ನ ಒಂದು ತಕ್ಕೋ. ಒಂದ್ಸಲ ನನ್ನ ಲಾಭ ತಕ್ಕೋ. ಯಾವುದನ್ನ ಇಟ್ಕಂತೀಯೋ ನಿಂಗೆ ಬುಟ್ಟಿದ್ದು."

ಅದು ನ್ಯಾಯವಾದ ಮಾತು. ಪ್ರಭಾಕರ ಒಪ್ಪಿದ. ತನಗೆ ಬೇಕಾದದ್ದನ್ನು ಮೊದಲು ತೆಗೆದುಕೊಂಡ. ನಂಜಮ್ಮ ಹಿಡಿಯುವುದಿಲ್ಲ ಅಂದದ್ದನ್ನೂ ಹಿಡಿದರು. ಆಮೇಲೆ ಬಿಸಿಲುಕೋಲು ಸರಿಯುವ ಮುಂಚೆ ಸುರೇಶನಿಗೆ ಪಾಠ ಶುರುವಾಯಿತು.

"ಬಾಯಲ್ಲಿ ಅನ್ನಬ್ಯಾಡ. ಕಾಯಿ ಎತ್ತುವಾಗ ಉಸಿರು ಒಳಗೆ ತಕ್ಕೋ. ಬುಡೋವಾಗ ಉಸಿರಿನ ಜೊತೆಗೇ ಬುಡು. ಲಾಆಭ. ಎಳೀಬೇಕು. ಎರಡು ಅನ್ನೋದು ಗಿಡ್ಡ."

"ಲಾಭ," ಎಂದ ಸುರೇಶ.

"ಬ್ಯಾಂಕಿನಾಗೆ ಅಂದಂಗಾಯ್ತು. ಲಾಆಭ."

ಚನ್ನಬಸಪ್ಪ ಬಾಯಿಗೆ ಟವೆಲ್ ಒತ್ತಿಕೊಂಡು ನಗುತ್ತಿದ್ದ. ಸುರೇಶ ಬೆವರು ಒರೆಸಿಕೊಂಡು ಮತ್ತೆ ಎಸೆದ. ಮತ್ತೆ, ಮತ್ತೆ. ಅಂಗಳದಲ್ಲಿ ಗಾಳಿ ಇರಲಿಲ್ಲ. ನನಗೆ ಪರೀಕ್ಷೆಯ ಪೇಪರುಗಳಿದ್ದವು, ಒಳಗೆ ಹೋಗಿ ಕುಳಿತೆ. ಗೋಡೆಯಾಚೆ ಎಣಿಕೆ ನಡೆದೇ ಇತ್ತು. ಒಂದು ಹೊತ್ತಿನಲ್ಲಿ ಅದು ಸರಿಹೋಯಿತು. ಹೇಗೆ ಗೊತ್ತಾಯಿತೆಂದರೆ, ನಂಜಮ್ಮ ತಿದ್ದುವುದನ್ನು ನಿಲ್ಲಿಸಿದರು. ರುದ್ರಪ್ಪನವರ ದನಿಯನ್ನು ನಾನು ಕೇಳಿದವನಲ್ಲ. ಆದರೂ ಪೆನ್ನು ಕೆಳಗಿಟ್ಟು, ಆ ಮನುಷ್ಯ ಕೊಟ್ಟಿಗೆಯಿಂದ ಒಳಗೆ ಬಂದರೇನೋ ಎಂಬಂತೆ ಬಾಗಿಲ ಕಡೆ ನೋಡಿದೆ. ಈ ಮಾತನ್ನು ನಾನೇ ಅರ್ಧ ನಂಬುತ್ತೇನೆ.

ಮರುದಿನ ಜೀಪು ಹೋಯಿತು. ಆಳುಗಳು ಬಂದು ಉಳಿದ ಕಾಯನ್ನು ತುಂಬಿದರು. ಅಟ್ಟದ ಬಾಗಿಲು ಮುಚ್ಚಿದರು.

ಆಮೇಲೆ ಕಾಯುವುದು. ಧಾರಾವಾಹಿ ಶುರುವಾಗುವ ಹೊತ್ತಿಗೆ ಆಷಾಢ ಬಂದಿತ್ತು. ಮಳೆಯಿಲ್ಲದ ಗಾಳಿ, ಹಗಲೂ ರಾತ್ರಿ ಗರಿಗಳ ಸದ್ದು. ಬೀದಿಗೆ ಇದ್ದದ್ದು ಚನ್ನಬಸಪ್ಪನ ಕಪ್ಪುಬಿಳುಪು ಟೀವಿ ಒಂದೇ. ಆಂಟೆನಾ ಬೆಂಗಳೂರಿನ ಕಡೆ ಮುಖ ಮಾಡಿ ಅವನ ಮನೆಯ ತಾರಸಿಯ ಮೇಲಿತ್ತು. ಗಾಳಿ ಅದನ್ನು ಹುಳಿಯಾರಿನ ಕಡೆ ತಿರುಗಿಸುತ್ತಿತ್ತು. ವಾರ ವಾರ ನಂಜಮ್ಮ ಹೋಗಿ ಕಂಬಕ್ಕೆ ಒರಗಿ ಕೂರುತ್ತಿದ್ದರು. ಕಥೆಯ ಬಗ್ಗೆ ಅವರಿಗೆ ಆಸಕ್ತಿ ಇರಲಿಲ್ಲ. ಮನೆಗೆ ಬರುವಾಗ, "ಇವತ್ತೂ ಬರಲಿಲ್ಲ," ಎನ್ನುತ್ತಿದ್ದರು. ಕೊನೆಯ ಕಂತಿನಲ್ಲಿ ಬರುತ್ತದೆ ಎಂದು ಹೇಳಿದ್ದರೂ ಹೋಗುತ್ತಿದ್ದರು. ದಾರಿಯಲ್ಲಿ ಒಮ್ಮೆ ಕೇಳಿದರು: "ಯಾವುದನ್ನ ಇಟ್ಕಂಡಿರ್ತಾನೆ ಮೇಷ್ಟ್ರೇ?"

"ಸಿನಿಮಾದಲ್ಲಿದ್ದದ್ದನ್ನೇ ಇಟ್ಟುಕೊಳ್ಳಬಹುದು," ಎಂದೆ. ಅವರ ನಿರೀಕ್ಷೆಯನ್ನು ಬೆಳೆಸಲು ನನಗೆ ಧೈರ್ಯವಿರಲಿಲ್ಲ. ಪ್ರಭಾಕರನ ಜಾಗದಲ್ಲಿದ್ದರೆ ನಾನೂ ಒಂದು ಎಂಬುದನ್ನೇ ಇಟ್ಟುಕೊಳ್ಳುತ್ತಿದ್ದೆ. ಆ ವಯಸ್ಸಿನಲ್ಲಿ ಸಿನಿಮಾ ನನಗೆ ಮನುಷ್ಯರಿಗಿಂತ ದೊಡ್ಡದಾಗಿತ್ತು.

ಕೊನೆಯ ಕಂತಿನ ಸಂಜೆ ಗಾಳಿ ಜೋರಾಗಿತ್ತು. ನಡುಮನೆಯ ತುಂಬ ಜನ, ಬಾಗಿಲಲ್ಲೂ ಜನ. ಅರ್ಧಕ್ಕೆ ಪರದೆಯ ಮೇಲೆ ಚುಕ್ಕೆಗಳು ಎದ್ದವು. ಚನ್ನಬಸಪ್ಪನಿಗೆ ಬೆನ್ನು ಹಿಡಿದಿತ್ತು, ಹಾಗಾಗಿ ತಾರಸಿಗೆ ನಾನು ಹತ್ತಿದೆ. ಆಂಟೆನಾದ ಪೈಪನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದೆ. ಕೆಳಗಿನಿಂದ ಚನ್ನಬಸಪ್ಪ ಕೂಗುತ್ತಿದ್ದ. "ಬಂತು, ಬಂತು. ಹೋಯ್ತು. ಇನ್ನೊಸಿ ಈ ಕಡೆಗೆ. ಮನೆ ಕಾಣ್ತು ಮೇಷ್ಟ್ರೇ, ನಂಜಕ್ಕನ ಮನೆ ಕಾಣ್ತು. ಅಯ್ಯೋ, ಪೂರ್ತಿ ಹೋಯ್ತು ಕಣ್ರೀ."

ಚಿತ್ರ ಹೋಗಿತ್ತು, ಧ್ವನಿ ಹೋಗಿರಲಿಲ್ಲ. ತೆರೆದ ಕಿಟಕಿಯಿಂದ ಅದು ಮೇಲಕ್ಕೂ ಬರುತ್ತಿತ್ತು. ಕಾಯಿ ಕಾಯಿಗೆ ತಗುಲಿದ ಸದ್ದು. ಒಂದು ಉಸಿರು. ಆಮೇಲೆ, ಎಳೆದು: "ಲಾಆಭ."

ಜನ ಗೊಣಗುತ್ತಿದ್ದರು. ಕೂಲಿಯ ಹೆಂಗಸೊಬ್ಬಳು, "ನಂಜಮ್ಮನ ಕೈ ನೋಡಬೇಕಿತ್ತು," ಎಂದಳು. ಚನ್ನಬಸಪ್ಪ, "ಬಲಕ್ಕೆ, ಬಲಕ್ಕೆ ತಿರುಗ್ಸಿ," ಎಂದ. ನಾನು ಪೈಪಿಗೆ ಕೈ ಹಾಕಿದೆ.

"ಬುಡಿ ಮೇಷ್ಟ್ರೇ," ಎಂದ ದನಿ ನಂಜಮ್ಮನವರದು. ಜೋರಾಗಿರಲಿಲ್ಲ. "ಮುಟ್ಟಬ್ಯಾಡಿ. ಹಂಗೇ ಇರ್ಲಿ."

ಗೊಣಗಾಟ ನಿಂತಿತು. ನಾನು ಪೈಪು ಹಿಡಿದು ನಿಂತೆ. ಗಾಳಿ ಅದನ್ನು ತಿರುಗಿಸದಂತೆ ಹಿಡಿದೆ. ಕೆಳಗೆ ಎಣಿಕೆ ನಡೆಯಿತು. ಎರಡು, ಮೂರು, ನಾಕು, ಪ್ರತಿ ಸಲವೂ ಉಸಿರು, ಕಾಯಿ ಮೇಲೆ ಸೇರಿದ ಸದ್ದು. ತಾರಸಿಯಿಂದ ತೋಟಗಳು ಕಾಣುತ್ತಿದ್ದವು. ಎದುರಿಗೆ ಆ ಮನೆಯ ಹೆಂಚು, ಅದರ ಕೆಳಗೆ ಅಟ್ಟದಲ್ಲಿ ಈ ವರ್ಷದ ಕಾಯಿ ನೀರು ಇಂಗಿಸಿಕೊಳ್ಳುತ್ತಾ ಇತ್ತು. ತೋಳು ಸೋತಿತ್ತು. ಇಷ್ಟು ಮಾತ್ರ ನಾನು ಖಂಡಿತವಾಗಿ ಹೇಳಬಲ್ಲೆ. ಸುರೇಶ ತಿರುಗಿದ್ದು, ಟವೆಲ್, ಗೋಡೆಯ ಮೇಲಿನ ಬಿಸಿಲು, ಇದನ್ನೆಲ್ಲ ಟೀವಿಯಲ್ಲಿ ನಾನು ನೋಡಲಿಲ್ಲ. ಆದರೂ ಈಗ ಆ ಹಳೆಯ ಸಿನಿಮಾವನ್ನು ನೆನೆದರೆ ಒಳಗಿನಿಂದ ಕೇಳಿಬರುವುದು ಲಾಭ ಎಂದೇ. ಅದರಲ್ಲಿ ಆ ಮಾತು ಇರಲಿಲ್ಲ ಎಂದು ನನಗೆ ಗೊತ್ತು.

ಎಣಿಕೆ ನಿಂತಿತು. ಯಾವುದೋ ವಾದ್ಯ ಬಂತು, ಮುಗಿಯಿತು. ಆಮೇಲೆ ಬಳೆಯಿಲ್ಲದ ಕೈ ನೆಲಕ್ಕೆ ಊರಿ ಏಳುವ ಸದ್ದು ಕೇಳಿದೆನೆಂದು ಡೈರಿಯಲ್ಲಿ ಬರೆದಿದ್ದೇನೆ; ಅದು ತಾರಸಿಗೆ ಕೇಳಿಸುವ ಸದ್ದಲ್ಲ.

"ಆಯ್ತು," ಎಂದರು ನಂಜಮ್ಮ. "ಈಗ ತಿರುಗ್ಸಿ ಮೇಷ್ಟ್ರೇ."

ತಿರುಗಿಸಿದೆ. ಚಿತ್ರ ಬಂತಂತೆ. ವಾರ್ತೆ ಓದುವವರ ಮುಖ ಬಂತಂತೆ. ಬಹಳ ಸ್ಪಷ್ಟವಾಗಿತ್ತಂತೆ.